ಅತ್ತೆಮ್ಮ ಗಾಡಿಯಿಂದ ಇಳಿದ ದಿನ

೧೯೪೩ನೇ ಇಸವಿ. ಯುದ್ಧದ ಕಾಲ. ಪ್ಯಾರಾಚೂಟಿಗೆ ರೇಷ್ಮೆ ಬೇಕು ಅಂತ ಗೂಡಿಗೆ ಎಲ್ಲಿಲ್ಲದ ಗಿರಾಕಿ. ಹೋಳೂರು ಕಡೆಯ ನಮ್ಮ ಹಳ್ಳೀಲಿ ಮನೆಮನೆಯಲ್ಲೂ ಹುಳ ಮೇಯಿಸೋರು. ನಾನು ಸೊಸೆಯಾಗಿ ಬಂದು ಎರಡು ವರ್ಷ ಆಗಿತ್ತು. ವಯಸ್ಸು ಹದಿನೆಂಟು, ಬಾಯಿ ಮಾತ್ರ ನಲವತ್ತರದ್ದು. ಅದೇನೂ ಈಗಲೂ ಕಡಿಮೆ ಆಗಿಲ್ಲ ಅಂತ ಮೊಮ್ಮಕ್ಕಳು ಹೇಳ್ತಾರೆ.

ಹುಳ ಮೇಯಿಸೋದರಲ್ಲಿ ನಮ್ಮ ಅತ್ತೆಮ್ಮನನ್ನು ಮೀರಿಸೋರೇ ಇರಲಿಲ್ಲ. ಹುಳಕ್ಕೆ ವಾಸನೆ ಆಗದು ಅನ್ನೋದು ನಮ್ಮಲ್ಲಿ ಕಟ್ಟುನಿಟ್ಟು. ಹುಳದ ಮನೆ ಹತ್ತಿರ ಒಗ್ಗರಣೆ ಹಾಕೋ ಹಾಗಿಲ್ಲ, ಬೀಡಿ ಸೇದಿದವರು ಒಳಗೆ ಕಾಲಿಡೋ ಹಾಗಿಲ್ಲ, ಮುಡಿದ ಮಲ್ಲಿಗೆ ಕೂಡ ಹೊರಗೆ ತೆಗೆದಿಟ್ಟು ಹೋಗಬೇಕು. ಇದನ್ನೆಲ್ಲ ನನಗೆ ಕಲಿಸಿದ್ದೇ ಅತ್ತೆಮ್ಮ.

ಆ ವರ್ಷ ಯುಗಾದಿ ಕಳೆದ ಮೇಲೆ ಅತ್ತೆಮ್ಮನ ಮೈಯಿಂದ ಏನೋ ಒಂಥರಾ ವಾಸನೆ ಬರೋಕೆ ಶುರುವಾಯ್ತು. ದಿನಕ್ಕೆ ಎರಡು ಸಲ ಮೈ ತೊಳೆಯೋರು, ಸೆರಗು ಬಿಗಿಯಾಗಿ ಹೊದ್ದುಕೊಳ್ಳೋರು. ಕೇಳಿದರೆ "ಬೆವರು ಕಣೇ" ಅನ್ನೋರು. ಒಂದು ಬೆಳಿಗ್ಗೆ ಹುಳ ಮೂರನೇ ಜ್ವರಕ್ಕೆ ಕೂತಿದ್ದವು. ಹುಳ ಮೇವು ಬಿಟ್ಟು ಪೊರೆ ಕಳಚೋಕೆ ಕೂರೋದಕ್ಕೆ ನಾವು ಜ್ವರ ಅಂತೀವಿ, ಆಗ ಬಹಳ ಹುಷಾರಾಗಿರಬೇಕು. ಅತ್ತೆಮ್ಮ ಬಾಗಿಲಿಗೆ ಬಂದರು. ನಾನು ಹಿಂದೆಮುಂದೆ ನೋಡದೆ, "ನೀವು ಒಳಗೆ ಬರಬೇಡಿ ಅತ್ತೆಮ್ಮ, ಹುಳ ಸತ್ತೋಗ್ತವೆ" ಅಂದುಬಿಟ್ಟೆ.

ಅವರು ಹಾಗೇ ಹಿಂದಕ್ಕೆ ಹೋದರು. ಅವತ್ತಿನಿಂದ ದನದ ಕೊಟ್ಟಿಗೆ ಪಕ್ಕ ಚಾಪೆ ಹಾಕ್ಕೊಂಡರು. ಊಟಕ್ಕೆ ಕರೆದರೆ "ಅಲ್ಲೇ ಇಟ್ಟು ಹೋಗು" ಅನ್ನೋರು. ಇಟ್ಟ ಮುದ್ದೆ ಇಟ್ಟ ಹಾಗೇ ಒಣಗಿರೋದು. ಯಾರಾದರೂ ಬಂದರೆ ಗೋಡೆ ಕಡೆ ತಿರುಗಿಕೊಳ್ಳೋರು. ಸೊಸೆ ಮೇಲೆ ಮುನಿಸು ಅಂತ ಊರೆಲ್ಲ ಆಡಿಕೊಂಡಿತು. ನನಗೂ ಸಿಟ್ಟು ಬಂತು. ಬೆಳೆ ಉಳಿಸಿದ್ದು ತಪ್ಪಾ ಅಂತ ನಾನೂ ಬಿಮ್ಮನೆ ಇದ್ದೆ.

ಹದಿನೈದು ದಿನದ ಮೇಲೆ, ಸಿಕ್ಕುಗಟ್ಟಿದ ಕೂದಲು ನೋಡಲಾರದೆ, ಬಲವಂತವಾಗಿ ಅತ್ತೆಮ್ಮನ ತಲೆ ಬಾಚೋಕೆ ಕೂತೆ. ಸೆರಗು ಸರೀತು. ಎಡಗಡೆ ಮೊಲೆ ಕಲ್ಲಿನ ಹಾಗೆ ಗಟ್ಟಿಯಾಗಿ, ಒಡೆದು ಹುಣ್ಣಾಗಿತ್ತು. "ಗಂಟು ಎರಡು ವರ್ಷದಿಂದ ಇತ್ತು ಕಣೇ. ಇದನ್ನ ಮಗನ ಹತ್ತಿರ ಹೇಗೆ ಹೇಳಲಿ?" ಅಂದರು.

ಮಾರನೇ ದಿನವೇ ನನ್ನ ಗಂಡ ಗಾಡಿ ಕಟ್ಟಿದರು. ಕೋಲಾರದ ಆಸ್ಪತ್ರೆಯ ಡಾಕ್ಟರಮ್ಮ ನೋಡಿ, "ಇದು ಕ್ಯಾನ್ಸರ್. ಬಹಳ ಮುಂದಕ್ಕೆ ಹೋಗಿದೆ, ಕೊಯ್ದೂ ಪ್ರಯೋಜನ ಇಲ್ಲ. ದಿನಾ ತೊಳೆದು ಬಟ್ಟೆ ಕಟ್ಟಿ. ಅಂಟುರೋಗ ಅಲ್ಲ, ಒಂಟಿಯಾಗಿ ಬಿಡಬೇಡಿ" ಅಂದರು. ಆ ಕಾಯಿಲೆಯ ಹೆಸರನ್ನೇ ನಾವು ಕೇಳಿರಲಿಲ್ಲ. ವಾಪಸು ಬರುವಾಗ ಅತ್ತೆಮ್ಮ ಗಾಡಿಯ ಹಿಂದಿನ ತುದಿಯಲ್ಲಿ ಕೂತರು, ವಾಸನೆ ನಮಗೆ ಬರಬಾರದು ಅಂತ.

ಊರಾಚೆ ದಾರಿಯಲ್ಲಿ ಬೀಬಮ್ಮನ ಮನೆ. ನಮ್ಮ ಗೂಡು ತಗೊಂಡು ಮನೆಯಲ್ಲೇ ನೂಲು ಬಿಚ್ಚುತ್ತಿದ್ದ ಸಾಬರ ಹೆಂಗಸು. ಗೂಡು ಬೇಯಿಸೋ ಮನೆ ನಾತ ಗೊತ್ತಿದ್ದವರಿಗೇ ಗೊತ್ತು. ಒಳಗಿನ ಹುಳ ಬಿಸಿನೀರಲ್ಲಿ ಬೆಂದು ಬೀದಿಗೆಲ್ಲ ಗಬ್ಬು ಹೊಡೆಯುತ್ತೆ. ಎತ್ತಿಗೆ ನೀರು ಕುಡಿಸೋಕೆ ಅಂತ ನನ್ನ ಗಂಡ ಅಲ್ಲಿ ನಿಲ್ಲಿಸಿದರು.

"ಯಾಕಮ್ಮಾ, ಗಾಡೀಲೇ ಕೂತಿದ್ದೀಯ? ಇಳಿದು ಬಾ" ಅಂದರು ಬೀಬಮ್ಮ.

"ಬೇಡ ಬೀಬಮ್ಮ. ನನ್ನ ಮೈ ನಾರುತ್ತೆ."

ಬೀಬಮ್ಮ ಹೊಟ್ಟೆ ಹಿಡ್ಕೊಂಡು ನಕ್ಕರು. "ಯಾ ಅಲ್ಲಾ! ನನ್ನ ಮನೆ ಬಾಗಿಲಿಗೆ ಬಂದು ನಾರುತ್ತೆ ಅಂತೀಯಲ್ಲ! ಮಗಳ ಮದುವೇಲಿ ಶೀಶೆ ಅತ್ತರು ಸುರ್ಕೊಂಡು ಹೋದರೂ ಬೀಗರು ಮೂಗು ಮುಚ್ಕೊಂಡ್ರು. ರಾ ಅಮ್ಮಾ, ರಾ, ಕೂಚೋ" ಅಂತ ತೆಲುಗಲ್ಲಿ ಕರೆದು, ಕೈ ಹಿಡಿದು ಇಳಿಸಿ, ಒಲೆ ಪಕ್ಕ ತಮ್ಮ ಮಣೆ ಮೇಲೇ ಕೂರಿಸಿದರು. ಆಮೇಲೆ ನೇರವಾಗಿ ಕೇಳಿದರು: "ಏನಾಗಿದೆ, ಹೇಳು."

ನಾವು ಯಾರೂ ಹಾಗೆ ಕೇಳಿರಲೇ ಇಲ್ಲ. ಅತ್ತೆಮ್ಮ ಎಲ್ಲ ಹೇಳಿದರು. "ಹುಳದ ಮನೆಗೂ ಬೇಡವಾದೆ ಬೀಬಮ್ಮ. ಸಾಯೋಕೆ ಭಯ ಆಗುತ್ತೆ. ಅದಕ್ಕಿಂತ ಒಬ್ಬಳೇ ಸಾಯೋಕೆ ಭಯ" ಅಂತ ಗೊಳೋ ಅಂತ ಅತ್ತರು. ಬೀಬಮ್ಮ ವಾಸಿ ಆಗುತ್ತೆ ಅಂತ ಸುಳ್ಳು ಹೇಳಲಿಲ್ಲ. ನೂಲು ಹರಿದರೆ ಹರೀಲಿ ಅಂತ ಚರಕ ಬಿಟ್ಟು ಬಂದು ತಬ್ಬಿಕೊಂಡರು. "ಭಯ ಆಗದೆ ಇರುತ್ತಾ? ಅಳು, ಇಲ್ಲಿ ಬಂದು ಬೇಕಾದಷ್ಟು ಅಳು" ಅಂದರು. ಬೆಲ್ಲದ ಚಾ ಕೊಟ್ಟರು. ಬೇರೆ ಜಾತಿಯವರ ಮನೆಯಲ್ಲಿ ತೊಟ್ಟು ನೀರು ಮುಟ್ಟದ ಅತ್ತೆಮ್ಮ ಲೋಟ ಖಾಲಿ ಮಾಡಿದರು. ನನ್ನ ಗಂಡ ಕಂಡೂ ಕಾಣದ ಹಾಗೆ ಎತ್ತಿನ ಬೆನ್ನು ಸವರುತ್ತಾ ನಿಂತಿದ್ದರು.

ನನಗೆ ತಡೆಯೋಕೆ ಆಗಲಿಲ್ಲ. "ತಪ್ಪಾಯ್ತು ಅತ್ತೆಮ್ಮ, ನಾನು ಹಾಗೆ ಅನ್ನಬಾರದಿತ್ತು" ಅಂತ ಕಾಲು ಹಿಡಿದೆ.

"ಏಳೇ. ತಡೆಯೋದು ಕಲಿಸಿದ್ದು ನಾನೇ ಅಲ್ವಾ? ನೀನು ಒಳಗೆ ಬಿಟ್ಟಿದ್ದರೆ ನಾನೇ ಬೈತಿದ್ದೆ" ಅಂದರು. ನನ್ನ ತಲೆ ಸವರಿ ಹೇಳಿದರು: "ಆದರೆ ಆಮೇಲೆ ಬಂದು ನನ್ನ ಪಕ್ಕ ಕೂರಬಹುದಿತ್ತು ಕಣೇ."

ಅವತ್ತು ಗಾಡೀಲಿ ಅತ್ತೆಮ್ಮ ನನಗೆ ಒರಗಿಕೊಂಡು ಕೂತು ಬಂದರು. ಚಾಪೆ ಪಡಸಾಲೆಗೆ ಬಂತು. ಹುಣ್ಣು ತೊಳೆಯೋ ಕೆಲಸ ನನ್ನದಾಯ್ತು. ವಾರಕ್ಕೊಮ್ಮೆ ಬೀಬಮ್ಮನ ಮನೆಗೆ ಹೋಗಿ ಬರೋರು. ಅಲ್ಲಿ ಒಬ್ಬರನ್ನೊಬ್ಬರು ಛೇಡಿಸಿ ನಗೋದು ಬೀದಿಗೆ ಕೇಳಿಸೋದು. ನೋವು ಹೋಗಲಿಲ್ಲ, ಹೆಚ್ಚೇ ಆಯ್ತು. ಆದರೆ ಕರೆದರೆ ಊಟಕ್ಕೆ ಎದ್ದು ಬರೋರು. ನಮಗೆ ಹೋದ ಜೀವ ಬಂದ ಹಾಗಾಗಿತ್ತು.

ಕೊನೆಯ ದಿನ ಬೆಳಿಗ್ಗೆ ಅವರ ತಲೆ ನನ್ನ ತೊಡೆ ಮೇಲಿತ್ತು. ಹಿಂದಿನ ಸಂಜೆಯೇ ಬಂದಿದ್ದ ಬೀಬಮ್ಮ ಕಾಲು ಒತ್ತುತ್ತಾ ಕೂತಿದ್ದರು. ಅತ್ತೆಮ್ಮ ಕಣ್ಣು ಬಿಟ್ಟು, "ಈಗ ಭಯ ಇಲ್ಲ ಕಣೇ. ನೀನು ಹೋಗಿ ಹುಳಕ್ಕೆ ಸೊಪ್ಪು ಹಾಕು, ಹೊತ್ತಾಯ್ತು" ಅಂದರು.

ನಾನು ಏಳಲಿಲ್ಲ. ಅವತ್ತು ಹುಳ ಉಪವಾಸ ಇದ್ದವು. ಅವೆಷ್ಟು ಸತ್ತವು ಅಂತ ನಾನು ಇವತ್ತಿಗೂ ಯಾರನ್ನೂ ಕೇಳಿಲ್ಲ.