ಸಂಗಮ್ಮ ತುಂಬಿಕೊಟ್ಟ ಶೀಶೆ

ತೆಲಂಗಾಣದ ಗಡಿಯ ಮಕ್ತಲ್ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಕಿರಾಣಿ ಅಂಗಡಿ ನಡೆಸುವ ಸಂಗಮ್ಮನಿಗೆ ಸುಳ್ಳು ಹೇಳಲು ಬರುವುದಿಲ್ಲ ಎಂಬುದು ಊರಿಗೇ ಗೊತ್ತು. ತೊಗರಿಬೇಳೆಗೆ ಹುಳ ಬಿದ್ದಿದ್ದರೆ ಗಿರಾಕಿ ಕೇಳುವ ಮೊದಲೇ ಹೇಳಿಬಿಡುತ್ತಾಳೆ. ಹೀಗಾದರೆ ವ್ಯಾಪಾರ ನಡೆದ ಹಾಗೆಯೇ ಎಂದು ಗಂಡ ಶರಣಯ್ಯ ಗೊಣಗಿ ಗೊಣಗಿ ಸಾಕಾಗಿ, ಗಲ್ಲಾಪೆಟ್ಟಿಗೆಯನ್ನು ಮಗ ಕೊಟ್ರೇಶನಿಗೆ ಬಿಟ್ಟು ಹಿತ್ತಲಿನ ಕಟ್ಟೆ ಸೇರಿದ. ಓಣಿಯಲ್ಲಿ ಜಗಳವಾದರೆ ತೆಲುಗಿನವರಾಗಲಿ ಕನ್ನಡದವರಾಗಲಿ ಸಂಗಮ್ಮನನ್ನೇ ಕರೆಯುತ್ತಾರೆ. ಕಂಡದ್ದನ್ನು ಕಂಡ ಹಾಗೆ ಹೇಳುವವಳು ಅವಳೊಬ್ಬಳೇ.

ಮೊಮ್ಮಗ ಬೇಕೆಂಬ ಆಸೆಯನ್ನೂ ಅವಳು ಮುಚ್ಚಿಟ್ಟವಳಲ್ಲ. ಸೊಸೆ ಶಿವರಂಜನಿಗೆ ಇಬ್ಬರು ಹೆಣ್ಣುಮಕ್ಕಳಿದ್ದರು. ಮೂರನೆಯ ಸಲ ಬಸುರಾದಾಗ, ಈ ಬಾರಿ ಗಂಡಾಗಲಿ ಎಂದು ಸೋಮವಾರ ತಪ್ಪದೆ ಗುಡಿಗೆ ಹೋಗಿ, ಸೊಸೆಯ ಎದುರಿಗೇ ಕೈಮುಗಿದು ಬೇಡಿಕೊಂಡಳು.

ಕೊಟ್ರೇಶನ ಆಸೆ ಬೇರೆ ದಾರಿ ಹಿಡಿಯಿತು. ಗಂಡೋ ಹೆಣ್ಣೋ ಎಂದು ಕೇಳುವುದೇ ಅಪರಾಧವೆಂದು ಗದ್ವಾಲಿನ ಸ್ಕ್ಯಾನಿಂಗ್ ಕೋಣೆಗಳ ಬಾಗಿಲಲ್ಲೆಲ್ಲ ಬೋರ್ಡು. ಆದರೆ ಅವನ ಜೊತೆ ಓದಿದ ಅಂಜನಕುಮಾರ್ ಹೊರದೇಶದಲ್ಲಿ ಕೆಲಸಕ್ಕಿದ್ದ. ರಜೆಗೆ ಬಂದವನು ಒಂದು ಡಬ್ಬಿ ತಂದುಕೊಟ್ಟ. ಬಸುರಿಯ ಬೆರಳಿನ ರಕ್ತವನ್ನು ಅದರೊಳಗಿನ ಪುಟ್ಟ ಶೀಶೆಗೆ ತುಂಬಿಕೊಟ್ಟರೆ, ಎರಡನೆಯ ತಿಂಗಳಲ್ಲೇ ಅಲ್ಲಿಯ ಲ್ಯಾಬಿನವರು ಹೇಳುತ್ತಾರಂತೆ. ಕೂಸಿನ ಗುರುತು ತಾಯಿಯ ರಕ್ತದಲ್ಲೇ ಓಡಾಡುತ್ತಿರುತ್ತದಂತೆ. ಹೆಣ್ಣೆಂದು ಬಂದರೆ ತೆಗೆಸಿಬಿಡುವುದು ಎಂದು ಕೊಟ್ರೇಶ ಊಟಕ್ಕೆ ಕೂತಲ್ಲೇ ಹೇಳಿ, ಎದ್ದು ಕೈತೊಳೆದ.

ರೊಟ್ಟಿ ಬಡಿಯುತ್ತಿದ್ದ ಶಿವರಂಜನಿಯ ಕೈ ನಿಂತಿತು. ಗಂಡ ಅಂಗಡಿಗೆ ಹೋದ ಮೇಲೆ ಅತ್ತೆಗೆ ಒಂದೇ ಮಾತು ಹೇಳಿದಳು.

"ಅತ್ತಿ, ಯಾವುದಾದ್ರೂ ಆಗ್ಲಿ, ಈ ಕೂಸು ನನಗ ಬೇಕ್ರಿ."

ಸಂಗಮ್ಮ ತನ್ನನ್ನೇ ಕೇಳಿಕೊಂಡಳು: ಗಂಡಾಗಲಿ ಎಂದು ಬೇಡಿದವಳು ತಾನೇ ಸರಿ, ಹೆಣ್ಣಿದ್ದರೆ ಉಳಿಸಬೇಡ ಎಂದು ಬೇಡಿದ್ದಳೇ? ಮಗನಿಗೆ ಬುದ್ಧಿ ಹೇಳಿ ನೋಡಿದಳು. ಮೊಮ್ಮಗ ಬೇಕು ಎಂದವಳು ನೀನೇ ಅಲ್ಲವೇ ಎಂದು ಅವನು ಅವಳ ಬಾಯಿ ಮುಚ್ಚಿಸಿದ.

ರಕ್ತ ತೆಗೆಯುವ ಬೆಳಿಗ್ಗೆ ಕೊಟ್ರೇಶ ಡಬ್ಬಿಯೊಳಗಿನ ಸೂಚನೆ ಓದಿ ತಿಳಿಸಿದ. ಗಂಡಸರು ಹತ್ತಿರ ಸುಳಿಯಬಾರದು, ಹೆಂಗಸರೇ ಸೋಪು ಹಚ್ಚಿ ಕೈತೊಳೆದು ಎಲ್ಲ ಮಾಡಬೇಕು. ಅದೇಕೆ ಎಂದು ಸಂಗಮ್ಮ ಕೇಳಿದಳು.

"ಗಂಡಸರದು ಏನರ ತಾಗಿದ್ರ, ಹೊಟ್ಟ್ಯಾಗ ಹೆಣ್ಣಿದ್ರೂ ಗಂಡು ಅಂತ ತೋರಸ್ತೈತಿ ಯವ್ವ," ಎಂದ ಮಗ.

ಸಂಗಮ್ಮ ಅದನ್ನು ಇನ್ನೊಮ್ಮೆ ಹೇಳಿಸಿಕೊಂಡಳು. ಆಮೇಲೆ ಅವನನ್ನು ಅಂಗಡಿಗೆ ಅಟ್ಟಿ, ಶೀಶೆ ಹಿಡಿದು ನೇರ ಹಿತ್ತಲಿಗೆ ನಡೆದಳು.

ಶರಣಯ್ಯನಿಗೆ ಸಕ್ಕರೆ ಕಾಯಿಲೆ. ದಿನಾ ಮುಂಜಾನೆ ಅವನ ಬೆರಳು ಚುಚ್ಚಿ ಸಕ್ಕರೆ ನೋಡುವ ಯಂತ್ರಕ್ಕೆ ಒಂದು ಹನಿ ಕೊಡುವುದು ಸಂಗಮ್ಮನ ಕೆಲಸ. ಅಂದಿನದು ಆಗಲೇ ಮುಗಿದಿತ್ತು. ಮತ್ತೆ ಕೈ ಹಿಡಿದಾಗ ಆತ ಏನೆಂದು ಕೇಳಿದ.

"ಸಕ್ರಿ ಭಾಳ ಏರೈತ್ರಿ, ಇನ್ನೊಮ್ಮಿ ನೋಡ್ತೀನಿ," ಎಂದಳು.

ಮದುವೆಯಾದಂದಿನಿಂದ ಗಂಡನಿಗೆ ಹೇಳಿದ ಮೊದಲ ಸುಳ್ಳು ಅದು. ಬೆರಳು ಹಿಂಡಿ ಹಿಂಡಿ ಶೀಶೆ ತುಂಬುವಾಗ, ಇಷ್ಟೆಲ್ಲ ರಕ್ತ ಯಾವ ಯಂತ್ರಕ್ಕೆ ಎಂದು ಮುದುಕ ರೇಗಿದ. ಆ ಸುಳ್ಳನ್ನು ಉಳಿಸಿಕೊಳ್ಳಲು ಮುಂದೆ ಹಬ್ಬದ ದಿನ ಅವಳು ಹೋಳಿಗೆಯನ್ನೂ ಅವನ ತಾಟಿನಿಂದ ಎತ್ತಿಡಬೇಕಾಯಿತು, ಪಾಪ. ಶೀಶೆ ತುಂಬಿದ ಮೇಲೆ ಒಳಗೆ ಬಂದು ಸೊಸೆಯ ಬೆರಳಿಗೂ ಒಂದು ಸಲ ಸೂಜಿ ತಾಗಿಸಿ, ಮಗ ಬಂದಾಗ ಕಾಣುವಂತೆ ಹತ್ತಿ ಒತ್ತಿದಳು.

ಅಂಜನಕುಮಾರ್ ಶೀಶೆ ಒಯ್ದು ಲ್ಯಾಬಿಗೆ ಕೊಟ್ಟ ಮೇಲೆ ಕೊಟ್ರೇಶನ ಫೋನಿಗೆ ಉತ್ತರ ಬಂತು: ಗಂಡು. ಕೊಟ್ರೇಶನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಪಕ್ಕದ ಅಂಗಡಿಯ ಮೊಗುಲಪ್ಪನ ಕಿವಿಯಲ್ಲೂ ಊದಿದ. ಏಳನೆಯ ತಿಂಗಳಲ್ಲಿ ಕುಬಸ ಮಾಡಿ, ಹೆಂಡತಿಗೆ ಗದ್ವಾಲಿನ ಹಸಿರು ಸೀರೆ ಉಡಿಸಿ, ಓಣಿಗೆಲ್ಲ ಊಟ ಹಾಕಿಸಿದ. ಸಂಗಮ್ಮ ಎಲ್ಲರಿಗೂ ಬಡಿಸಿದಳು. ನಿಜಕ್ಕೂ ಗಂಡೇ ಹುಟ್ಟಿಬಿಟ್ಟರೆ ತಾನು ಬಚಾವು ಎಂಬ ಆಸೆ ಅವಳಿಗೆ ಆಗಲೂ ಇತ್ತು.

ನಾರಾಯಣಪೇಟೆಯ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಹೆಣ್ಣು.

ಕೊಟ್ರೇಶ ವರಾಂಡದಲ್ಲೇ ಅಂಜನಕುಮಾರನಿಗೆ ಫೋನು ಹಚ್ಚಿ, ಮೋಸಗಾರ ಎಂದು ಬಾಯಿಗೆ ಬಂದಂತೆ ಬೈಯತೊಡಗಿದ. ಮಾಡದ ತಪ್ಪಿಗೆ ಇನ್ನೊಬ್ಬ ಬೈಸಿಕೊಳ್ಳುವುದನ್ನು ಸಂಗಮ್ಮನಿಂದ ನೋಡಲಾಗಲಿಲ್ಲ. ಕೂಸನ್ನು ಎದೆಗವಚಿಕೊಂಡೇ ಹೊರಗೆ ಬಂದಳು.

"ಅವನಿಗ್ಯಾಕ ಬೈತಿ? ಟೆಸ್ಟ್ ತಪ್ಪಿಲ್ಲ. ಆ ರಗತ ನಿಮ್ಮಪ್ಪಂದು."

ಬೆಂಚಿನ ಮೇಲಿದ್ದ ಶರಣಯ್ಯ ತನ್ನ ಬೆರಳು ನೋಡಿಕೊಂಡು, ಹಾಗಾದರೆ ನನ್ನ ಹೋಳಿಗೆ ಯಾಕೆ ಕಸಿದುಕೊಂಡೆ ಎಂದು ಕೇಳಿದ. ಕೊಟ್ರೇಶ ಫೋನನ್ನು ಕಿಸೆಗೆ ಹಾಕಿಕೊಂಡು ಮೆಟ್ಟಿಲಿಳಿದು ಹೋದ. ಮುಂದೆ ಬಹಳ ದಿನ ತಾಯಿಯೊಂದಿಗೆ ಮಾತು ಬಿಟ್ಟ. ಮಾಡಿದ್ದಕ್ಕೆ ಸಂಗಮ್ಮನಿಗೆ ಕೊರಗಿರಲಿಲ್ಲ. ಮಗನ ಮೌನ ಮಾತ್ರ ಜೀವ ಹಿಂಡುತ್ತಿತ್ತು.

ಕೂಸಿಗೆ ಬಸವೇಶ್ವರಿ ಎಂದು ಹೆಸರಿಟ್ಟರು. ಅಂಬೆಗಾಲು ಬಂದದ್ದೇ ತಡ, ಅದಕ್ಕೆ ಅಂಗಡಿಯೇ ಬೇಕು, ಅಪ್ಪನ ತಕ್ಕಡಿಯೇ ಬೇಕು. ಮೊದಮೊದಲು ಕೊಟ್ರೇಶ ಎತ್ತಿ ಆಚೆ ಕೂರಿಸುತ್ತಿದ್ದ. ಆಮೇಲಾಮೇಲೆ ತೊಡೆಯ ಮೇಲೆ ಕೂರಿಸಿಕೊಂಡೇ ಬೆಲ್ಲ ತೂಗತೊಡಗಿದ.

ಒಂದು ಸಂಜೆ ಮೊಗುಲಪ್ಪ ಬಂದು, ಗಂಡು ಎಂದಿದ್ದಿರಲ್ಲ, ಅದೇನಾಯಿತು ಎಂದು ಕೆಣಕಿದ. ಮಗನನ್ನಲ್ಲ, ಸಂಗಮ್ಮನನ್ನೇ ಕೇಳಿದ. ಅವಳು ಬೇಳೆಯ ಮೊರ ಕೆಳಗಿಟ್ಟು ಬಾಯಿ ತೆರೆದಳು.

ಅಷ್ಟರಲ್ಲಿ ಕೊಟ್ರೇಶ, "ಟೆಸ್ಟ್ ತಪ್ಪು ಬಂದಿತ್ರಿ," ಎಂದ. "ನಮ್ಮವ್ವ ಸರಿಯಾಗೇ ತುಂಬಿಕೊಟ್ಟಿದ್ಲು."

ಸಂಗಮ್ಮ ಮಗನ ಮುಖ ನೋಡಿದಳು. ಅವನು ಮಗಳ ಬಾಯಿಗೆ ಬೆಲ್ಲದ ಚೂರು ಇಡುತ್ತಿದ್ದ. ಕಂಡದ್ದನ್ನು ಕಂಡ ಹಾಗೆ ಹೇಳುವವಳು ಅಂದು ಏನೂ ಹೇಳಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ಮೊರ ಎತ್ತಿಕೊಂಡಳು.