ಮೌಸಿನ ಮೇಲೆ ಬಟ್ಟಲು ಮುಚ್ಚುತ್ತಿದ್ದ ಮಕ್ತುಮ್ ಚಾಚಾ

ಯಾರೇ ರಿಪೇರಿಗೆ ಕಂಪ್ಯೂಟರ್ ತಂದರೂ ಮಕ್ತುಮ್ ಚಾಚಾ ಮೊದಲು ಮಾಡುತ್ತಿದ್ದದ್ದು ಒಂದೇ ಕೆಲಸ: ಮೌಸಿನ ಮೇಲೆ ಸ್ಟೀಲಿನ ಬಟ್ಟಲೊಂದನ್ನು ಬೋರಲು ಹಾಕುವುದು. ಪರದೆಯ ಮೇಲೆ ಬಂದದ್ದನ್ನು ಓದುವ ಮೊದಲೇ ‘ಓಕೆ’ ಒತ್ತುವವರ ಕೈ ಕಟ್ಟಲು ಅವರು ಕಂಡುಕೊಂಡ ಉಪಾಯ ಅದು. ಯರಗಟ್ಟಿ ಬಸ್ ನಿಲ್ದಾಣದ ಎದುರಿನ ಅವರ ಅಂಗಡಿಯಲ್ಲಿ ಹಿಂದೆ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದರು. ಇಂಗ್ಲಿಷ್ ಅಷ್ಟಕ್ಕಷ್ಟೆ, ಅದಕ್ಕೇ ಗಿರಾಕಿಯಿಂದಲೇ ಗಟ್ಟಿಯಾಗಿ ಓದಿಸುತ್ತಿದ್ದರು. ಊರಿನ ದೊಡ್ಡ ವ್ಯಾಪಾರಿಗಳು ಶಾಲೆಯ ಹುಡುಗರಂತೆ ನಿಂತು ಓದುವುದನ್ನು ನೋಡಿ ನಾನು ನಕ್ಕದ್ದುಂಟು. ನನ್ನ ಸರದಿ ಬಂದಾಗ ನಗು ಬರಲಿಲ್ಲ.

ಮದುವೆಯಾಗಿ ಹನ್ನೆರಡು ವರ್ಷ ಒಲೆ, ಮಕ್ಕಳು, ಎಮ್ಮೆ ಎಂದು ಕಳೆದವಳು ನಾನು. ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಪ್ರೋಗ್ರಾಂ ಬರೆಯಲು ಕಲಿತಿದ್ದೆ. ಸವದತ್ತಿಯ ಕಂಪ್ಯೂಟರ್ ತರಬೇತಿ ಕೇಂದ್ರವೊಂದರಲ್ಲಿ ಕಲಿಸುವ ಕೆಲಸ ಖಾಲಿ ಇತ್ತು. ನಾನೇ ಬರೆದದ್ದನ್ನು ಸಂದರ್ಶನದ ದಿನ ಅಲ್ಲಿ ನಡೆಸಿ ತೋರಿಸಬೇಕಿತ್ತು. ನಮ್ಮ ಓಣಿಯ ದನಗಳಿಗೆ ಯಾವ ಲಸಿಕೆ ಯಾವಾಗ ಎಂದು ಹೇಳುವ ಪ್ರೋಗ್ರಾಂ ಅದು. ಹೊಸ ಲ್ಯಾಪ್‌ಟಾಪಿನಲ್ಲಿ ಅದನ್ನು ದನಗಳ ಪಟ್ಟಿಯಿದ್ದ ಡೇಟಾಬೇಸಿಗೆ ಜೋಡಿಸಲು ಹೋದರೆ, ಎರಡರ ನಡುವೆ ಕೊಂಡಿಯಾಗಬೇಕಾದ ಡಿಎಲ್‌ಎಲ್ ಎಂಬ ಫೈಲೊಂದು ಸಿಗುತ್ತಿಲ್ಲ ಎಂದು ವಿಂಡೋಸ್ ಹಟ ಹಿಡಿಯಿತು. ಸಂದರ್ಶನದ ಹಿಂದಿನ ದಿನ ಬೆಳಿಗ್ಗೆಯೇ ಚಾಚಾಗೆ ಫೋನ್ ಮಾಡಿ ಹೇಳಿದೆ. ಮಧ್ಯಾಹ್ನ ಲ್ಯಾಪ್‌ಟಾಪ್ ಹಿಡಿದು ಹೋದೆ. ಈ ಕೆಲಸ ತಪ್ಪಿದರೆ ಹೊರಗೆ ದುಡಿಯುತ್ತೇನೆಂದು ಮನೆಯಲ್ಲಿ ಮತ್ತೊಮ್ಮೆ ಬಾಯಿಬಿಡುವ ಧೈರ್ಯ ನನಗಿರಲಿಲ್ಲ.

ಮೌಸ್ ಇರಲಿಲ್ಲ, ಚಾಚಾ ಲ್ಯಾಪ್‌ಟಾಪಿನ ಟಚ್‌ಪ್ಯಾಡಿನ ಮೇಲೆಯೇ ಬಟ್ಟಲು ಹಾಕಿದರು. “ಓದು ತಂಗಿ.”

ಓದಿದೆ. ಅವರ ಹುಬ್ಬು ಗಂಟಾಯಿತು. “ಮುಂಜಾನೆ ಫೈಲ್ ಸಿಗವಲ್ದು ಅಂದಿದ್ದಿ. ಈಗ ನೋಡಿದ್ರ ಫೈಲ್ ಐತಿ, ಆದ್ರ ಇದಕ್ಕ ನಡಿಯಂಗಿಲ್ಲ ಅನ್ನಾಕತ್ತೈತಿ. ಎರಡೂ ಒಂದ ಅಲ್ಲ. ನಡುವ ಏನ್ ಮಾಡಿದಿ?”

“ಏನೂ ಮಾಡಿಲ್ರಿ ಚಾಚಾ.”

“ಏನೂ ಮಾಡಿಲ್ಲ ಅನ್ನೋರ ಮಷೀನ್ ನಾ ಮುಟ್ಟಂಗಿಲ್ಲ” ಎಂದು ಕಾಗದ, ಪೆನ್ನು ಮುಂದಿಟ್ಟರು. “ಮುಂಜಾನಿಂದ ಮಾಡಿದ್ದೆಲ್ಲಾ ಬರಿ. ತಪ್ಪು ಮೊದಲ ಬರಿ.”

ಬರೆಯಬೇಕಾಯಿತು. ಮೈದುನನ ಹಳೆಯ ಕಂಪ್ಯೂಟರಿನಲ್ಲಿ ಅದೇ ಹೆಸರಿನ ಫೈಲು ಕಂಡಿತ್ತು. ಪಕ್ಕದ ಮನೆಯಿಂದ ಹೆಪ್ಪು ತಂದಂತೆ ಅದನ್ನು ಪೆನ್‌ಡ್ರೈವಿನಲ್ಲಿ ತಂದು ಹಾಕಿದ್ದೆ. ಓದಿ ಹೇಳುವಾಗ ಕಣ್ಣು ತುಂಬಿತು.

ಚಾಚಾ ಬೈಯಲಿಲ್ಲ. “ಒಂದ್ ಹೊಲಗಿ ಮಷೀನಿನ ದಾರ ಸುತ್ತೋ ಬಾಬಿನ್ ಇನ್ನೊಂದಕ್ಕ ಹಾಕಿ, ನಾ ಒಬ್ಬರ ಮದುವಿ ಸೀರಿ ಜಂಪರ್ ಹರದಿದ್ನಿ. ನೋಡಾಕ ಒಂದ ಥರ ಇದ್ವು” ಎಂದರು.

ಹಳೆಯ ಫೈಲು ಮೂವತ್ತೆರಡು ಬಿಟ್ಟಿನದು, ನನ್ನದೆಲ್ಲ ಅರವತ್ನಾಲ್ಕು; ಆ ಬಾಬಿನ್ನಿನಂತೆಯೇ ಒಂದಕ್ಕೊಂದು ಹೊಂದದವು. ಅದನ್ನು ತೆಗೆದು, ಡೇಟಾಬೇಸ್ ತಯಾರಿಸುವ ಕಂಪನಿಯದೇ ಜಾಲತಾಣದಿಂದ ಸರಿಯಾದ ಜೋಡಣೆಯ ಸಾಫ್ಟ್‌ವೇರ್ ಹಾಕಿದ್ದಾಯಿತು. ಚಾಚಾ ಒಂದು ಗುಂಡಿಯನ್ನೂ ಒತ್ತಲಿಲ್ಲ, ಎಲ್ಲ ನನ್ನಿಂದಲೇ ಮಾಡಿಸಿದರು. ಪಟ್ಟಿ ತೆರೆಯಿತು. ಮೊದಲ ಸಾಲಿನಲ್ಲೇ ನಮ್ಮ ಎಮ್ಮೆಯ ಹೆಸರು ಕಂಡು ನಾನು ಅಂಗಡಿಯಲ್ಲೇ ಚಪ್ಪಾಳೆ ತಟ್ಟಿಬಿಟ್ಟೆ.

ಸವದತ್ತಿಯಲ್ಲಿ ಪ್ರೋಗ್ರಾಂ ಸರಾಗವಾಗಿ ನಡೆಯಿತು. “ಏನಾದರೂ ತೊಂದರೆ ಆಗಿತ್ತಾ?” ಎಂದು ಕೇಳಿದಾಗ ನನ್ನ ತಪ್ಪನ್ನೇ ಮೊದಲು ಹೇಳಿದೆ. ಕೆಲಸ ಸಿಕ್ಕಿತು.

ಪೇಡೆ ಹಿಡಿದು ಹೋದಾಗ ಚಾಚಾ ಅಂಗಡಿ ಖಾಲಿ ಮಾಡುತ್ತಿದ್ದರು. ಕಣ್ಣು ಮಂಜಾಗಿದ್ದರಿಂದ ಮರುದಿನ ರಾಮದುರ್ಗದ ಮಗಳ ಮನೆಗೆ ಹೊರಟಿದ್ದರು. ಅವರನ್ನು ನಾನು ಕಂಡದ್ದು ಅದೇ ಕೊನೆ. ಮಾತಾಡುತ್ತಿರುವಾಗಲೇ ಹತ್ತಿ ವ್ಯಾಪಾರಿಯೊಬ್ಬರು ಕಂಪ್ಯೂಟರ್ ಹೊತ್ತು ಬಂದು ಚಾಚಾಗೆ ತೊಂದರೆ ಹೇಳತೊಡಗಿದರು.

“ನನಗಲ್ರಿ, ಟೀಚರಿಗೆ ಹೇಳ್ರಿ” ಎಂದು ನನ್ನತ್ತ ಕೈ ತೋರಿಸಿದ ಚಾಚಾ, ಒಂದು ಪೇಡೆ ಬಾಯಿಗೆ ಹಾಕಿಕೊಂಡು ಎದುರಿನ ಹೋಟೆಲಿಗೆ ಚಹಾ ಕುಡಿಯಲು ಹೋದರು. ಗಿರಾಕಿಯನ್ನು ಬಿಟ್ಟು ಅವರು ಎದ್ದು ಹೋದದ್ದನ್ನು ನಾನು ಎಂದೂ ಕಂಡಿರಲಿಲ್ಲ. ಅಲ್ಲಿ ನಮಗೆ ಬೆನ್ನು ಹಾಕಿ ಕುಳಿತರು, ಒಮ್ಮೆಯೂ ತಿರುಗಿ ನೋಡಲಿಲ್ಲ.

ವ್ಯಾಪಾರಿಗೆ ಸಮಾಧಾನವಿಲ್ಲ. “ಅವರು ಯಾವಾಗ ಬರ್ತಾರ್ರಿ?”

ನಾನು ಕುರ್ಚಿ ಎಳೆದು ಕುಳಿತೆ. “ಅವರು ಬರಂಗಿಲ್ರಿ. ನನ್ನ ಮುಂದ ಹೇಳ್ರಿ.”