ಹಾಲೆಂಡಿನ ಹೆಬ್ಬೆರಳು

ಇಲ್ಲಿ ಬರೆಯುತ್ತಿರುವುದರಲ್ಲಿ ಕೆಲವು ವಿವರ ತಪ್ಪಿರಬಹುದು. ಯಾವುದು ತಪ್ಪೆಂದು ಗೊತ್ತಿದ್ದರೆ ತಿದ್ದಿಯೇ ಬರೆಯುತ್ತಿದ್ದೆ. ಗೊತ್ತಿಲ್ಲದ್ದರಿಂದ ಧೈರ್ಯವಾಗಿ ಬರೆಯುತ್ತಿದ್ದೇನೆ.

ಹಾಸನದ ಲೈಬ್ರರಿಯಲ್ಲಿ ಯುರೋಪಿನ ಬರೋಕ್ ಕಾಲದ ಚಿತ್ರಗಳ ದಪ್ಪ ಪುಸ್ತಕವೊಂದನ್ನು ತಿರುವುತ್ತಿದ್ದೆ. ಸುಮಾರು ನಾನ್ನೂರು ವರ್ಷದ ಹಿಂದೆ ಹಾಲೆಂಡಿನ ಕೆಲವು ಚಿತ್ರಕಾರರು ರಾಜರೂ ದೇವತೆಗಳೂ ಸಾಕಾಗಿ ಅಡುಗೆಮನೆಯ ಕಡೆ ತಿರುಗಿದರಂತೆ. ಮೀನು ಹೆಚ್ಚುವವಳು, ಪಾತ್ರೆ ತಿಕ್ಕುವವಳು, ಬೂಟು ಹೊಲಿಯುವವನು. ಒಂದು ಪುಟದಲ್ಲಿ ಗೆಡ್ಡೆ ಸುಲಿಯುತ್ತ ಕೂತ ಹೆಂಗಸು. ಹೆಬ್ಬೆರಳಿಗೆ ಕೊಳೆ ಬಟ್ಟೆ ಸುತ್ತಿಕೊಂಡಿದ್ದಾಳೆ. "ಅವ್ವ!" ಎಂದು ಕೂಗಿಯೇಬಿಟ್ಟೆ. ಎದುರು ಪೇಪರ್ ಓದುತ್ತಿದ್ದ ಹಿರಿಯರು ಕನ್ನಡಕ ತೆಗೆದು ನೋಡಿದರು.

ಅವ್ವ ತೀರಿಕೊಂಡು ಎಷ್ಟೋ ವರ್ಷವಾಯಿತು. ಅವಳ ಫೋಟೋ ಇರುವುದು ಒಂದೇ, ಹೊಳೆನರಸೀಪುರದ ಸ್ಟುಡಿಯೋದಲ್ಲಿ ತೆಗೆಸಿದ್ದು. ಹಿಂದೆ ಬಣ್ಣದ ಸರೋವರ, ಮಡಿಲಲ್ಲಿ ಸುಮ್ಮನೆ ಬಿದ್ದ ಕೈ. ಆ ಕೈ ಅವಳದೆಂದು ನನಗೆ ಯಾವತ್ತೂ ಅನ್ನಿಸಿಲ್ಲ. ಹೆಬ್ಬೆರಳಿಗೆ ಹೀಗೇ ಬಟ್ಟೆ ಸುತ್ತಿಕೊಂಡು, ಅಟ್ಟದಿಂದ ಇಳಿಸಿದ ಒಣಕಾಯಿ ಹಿಡಿದು, ಮಚ್ಚಿನಿಂದ ಸುತ್ತಲೂ ತಟ್ಟಿ, ಕರಟ ಬಿಡಿಸಿ, ಒಂದು ಗೀರೂ ಇಲ್ಲದ ಉಂಡೆ ಕೊಬ್ಬರಿ ತೆಗೆಯುತ್ತಿದ್ದ ಕೈ ಅವಳದು. ಅದನ್ನು ಯಾವನೋ ಪುಣ್ಯಾತ್ಮ ಆಗಲೇ ಬರೆದಿಟ್ಟಿದ್ದ!

ಪುಸ್ತಕ ಮುಂದಿನ ಪುಟದಲ್ಲೇ ತಣ್ಣೀರೆರಚಿತು. ಇವು ಕಂಡದ್ದನ್ನು ಕಂಡಂತೆ ಬರೆದ ಚಿತ್ರಗಳಲ್ಲವಂತೆ. ಒಂದೇ ಹೂಜಿ, ಒಂದೇ ಕುರ್ಚಿ ಬೇರೆ ಬೇರೆ ಮನೆಗಳಲ್ಲಿ ಕಾಣುತ್ತವೆ. ಚಿತ್ರಕಾರ ತನ್ನ ಕೋಣೆಯಲ್ಲೇ ಎಲ್ಲವನ್ನೂ ಜೋಡಿಸಿಕೊಂಡು ಅಡುಗೆಮನೆ ಮಾಡುತ್ತಿದ್ದ. ನನಗೆ ದಿಗಿಲಾಯಿತು. ನಾನೂ ಹಾಗೆ ಜೋಡಿಸಿಕೊಂಡಿದ್ದರೆ? ಬಟ್ಟೆ ಅವ್ವ ಸುತ್ತಿಕೊಂಡದ್ದೋ, ಈ ಪುಟ ನೋಡಿದ ಮೇಲೆ ನಾನೇ ಅವಳಿಗೆ ಸುತ್ತಿದ್ದೋ?

ಭಾನುವಾರ ಚನ್ನರಾಯಪಟ್ಟಣದ ಬಸ್ಸು ಹತ್ತಿದೆ. ಅಲ್ಲಿ ಅವ್ವನ ತಂಗಿ, ನನ್ನ ಚಿಕ್ಕವ್ವ, ಈಗಲೂ ಅಂಗಳದಲ್ಲಿ ಕೂತು ಕರಟ ಬಿಡಿಸುತ್ತಾಳೆ. ಮೊಬೈಲಿನಲ್ಲಿ ಹಿಡಿದುಕೊಂಡಿದ್ದ ಚಿತ್ರ ತೋರಿಸಿದೆ.

"ಯಾರ ಮನೆ ಸೊಸೆನೇ ಇವ್ಳು?" ಎಂದಳು. ಆಮೇಲೆ ಕಣ್ಣು ಕಿರಿದು ಮಾಡಿ, "ಗೇದಿರೋ ಕೈ ಕಣೆ. ಚಾಕು ಇಡ್ದಿರೋದ್ರಲ್ಲೇ ಗೊತ್ತಾಯ್ತದೆ" ಎಂದು ತೀರ್ಪು ಕೊಟ್ಟಳು. ಇಷ್ಟು ಹೇಳಲು ಪುಸ್ತಕಕ್ಕೆ ಮೂರು ಅಧ್ಯಾಯ ಬೇಕಾಗಿತ್ತು.

"ಅವ್ವನೂ ಇಂಗೇ ಬಟ್ಟೆ ಸುತ್ಕತಿದ್ಲಲ್ವಾ?"

"ಬಟ್ಟೆನಾ! ಬಟ್ಟೆ ಸುತ್ಕಂಡ್ರೆ ಕಾಯಿ ಜಾರೋಗಲ್ವೇನೇ? ಅದು ನಿಮ್ಮಪ್ಪನ ಸೈಕಲ್ ಟ್ಯೂಬು. ಉಂಗುರದಂಗೆ ಕುಯ್ದು ಆಕ್ಕತಿದ್ಲು. ಇಷ್ಟ್ ಓದಿ ಏನ್ ಬಂತೇ ನಿಂಗೆ?"

ಬೈಸಿಕೊಂಡು ಇಷ್ಟು ಸಂತೋಷ ಯಾವತ್ತೂ ಪಟ್ಟಿರಲಿಲ್ಲ. ಕಪ್ಪು ರಬ್ಬರಿನ ಉಂಗುರ! ಹಾಲೆಂಡಿನ ಯಾವ ಚಿತ್ರಕಾರನೂ ಅದನ್ನು ನನಗೆ ಕೊಟ್ಟಿರಲಾರ, ಅದು ಅವ್ವನದೇ. ರಬ್ಬರಿನ ವಾಸನೆ ಕೂಡ ಮೂಗಿಗೆ ಬಂತು. ಅದು ಹಳೆಯ ವಾಸನೆಯೋ ಆ ಕ್ಷಣ ಹುಟ್ಟಿದ್ದೋ, ದಯವಿಟ್ಟು ಕೇಳಬೇಡಿ.

ಕೈ ಸಿಕ್ಕಿದ ಸಂಭ್ರಮದಲ್ಲಿ ಮುಖ ಹುಡುಕಲು ಹೊರಟೆ. ಎಷ್ಟು ನೆನೆದರೂ ಬಗ್ಗಿ ಕೂತ ಅವ್ವನ ಜಾಗದಲ್ಲಿ ಪುಸ್ತಕದವಳ ಮುಖವೇ ಬಂತು.

"ಚಿಕ್ಕವ್ವ, ಕಾಯಿ ತಟ್ಟೋವಾಗ ಅವ್ವನ ಮುಖ ಎಂಗಿರ್ತಿತ್ತು?"

ಅವಳ ಮಚ್ಚು ನಿಂತಿತು. ಒಂದು ಕಾಯಿ ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ, ಕೆಳಗಿಟ್ಟಳು. ಇನ್ನೊಂದನ್ನು ಎತ್ತಿಕೊಂಡಳು. ಆ ಮುಖ ಅವಳಿಗೂ ಮರೆತಿತ್ತೋ, ಥಟ್ಟನೆ ಕಣ್ಣೆದುರು ಬಂದಿತ್ತೋ, ಇವತ್ತಿಗೂ ಹೇಳಿಲ್ಲ.